ಬಗನಿಯ ಹಾಲು, ಮೇಪಲ್ಲಿನ ಪಾಕ

ನಮ್ಮ ನಾರ್ವೆಯ ಕಡೆ ಪುನರ್ವಸು ಮಳೆ ಹಿಡಿಯಿತೆಂದರೆ ಮನೆಯಲ್ಲಿ ಒಣಗಿದ್ದು ಎನ್ನುವ ವಸ್ತುವೇ ಉಳಿಯುವುದಿಲ್ಲ. ಹಾಸಿಗೆ ತಣ್ಣಗೆ, ಬೆಂಕಿಪೆಟ್ಟಿಗೆ ತಣ್ಣಗೆ, ಉಪ್ಪಿನ ಮರಿಗೆಯ ತುಂಬ ನೀರು. ಅಡಕೆ ತೋಟಕ್ಕೆ ಔಷಧಿ ಹೊಡೆಯಲು ಒಂದು ಹೊಳವು ಸಿಕ್ಕೀತೇ ಎಂದು ಆಕಾಶ ನೋಡುವುದಲ್ಲದೆ ಬೇರೆ ಕೆಲಸವಿರುವುದಿಲ್ಲ. ಕಳೆದ ವರ್ಷ ಇಂಥದೇ ಮಳೆಯಲ್ಲಿ ಕೆನಡಾದಲ್ಲಿರುವ ನನ್ನ ತಂಗಿಯ ಮಗಳು ಗಂಡನೊಡನೆ ಬಂದಳು. ಬರುವಾಗ ಎರಡು ಸೀಸೆ ತಂದಿದ್ದಳು. ಒಂದರಲ್ಲಿ ಮೇಪಲ್ ಮರದ ರಸವನ್ನು ಕಾಯಿಸಿ ಮಾಡಿದ ಪಾಕ. ಇನ್ನೊಂದರಲ್ಲಿ ಏನಿತ್ತೆಂಬುದನ್ನು ಅವಳು ಅತ್ತೆಗೆ ಹೇಳದೆ ನನಗೆ ಮಾತ್ರ ಹೇಳಿದಳು.

ಸಂಜೆ ಕರೆಂಟು ಹೋಯಿತು. ಅವಳು ಒಲೆಯ ಮುಂದೆ ಕುಳಿತು ಬಿಸಿನೀರಿಗೆ ಒಂದು ಚಮಚ ಆ ಪಾಕ ಹಾಕಿದಳು, ಅರ್ಧ ಲಿಂಬೆಹಣ್ಣು ಹಿಂಡಿದಳು, ಎರಡು ಲವಂಗ, ಒಂದು ಚೂರು ದಾಲ್ಚಿನ್ನಿ ಬಿಟ್ಟಳು. ಕೊನೆಗೆ ಎರಡನೆಯ ಸೀಸೆಯಿಂದ ಒಂದು ಅಳತೆ ವಿಸ್ಕಿ ಬೆರೆಸಿದಳು. ನನ್ನ ಮನೆಯಾಕೆ ನೋಡುತ್ತಲೇ ಇದ್ದವಳು, ‘ಇದು ನಮ್ಮ ಕಷಾಯವೇ ಅಲ್ಲವೇನೆ?’ ಎಂದಳು. ‘ಹೌದು ಅತ್ತೆ, ಒಂದು ಸಾಮಾನು ಹೆಚ್ಚು’ ಎಂದು ಹುಡುಗಿ ನಕ್ಕಳು. ಆಮೇಲೆ ನನ್ನ ಕಡೆ ತಿರುಗಿ, ‘ಇದಕ್ಕೆ ಅಲ್ಲಿ ಹಾಟ್ ಟಾಡಿ ಅಂತಾರೆ ಮಾವ. ಚಳಿಗೆ ಮನೆಮನೆಯಲ್ಲೂ ಮಾಡ್ತಾರೆ’ ಎಂದಳು.

ನಾನು ಕುಡಿದೆನೋ ಇಲ್ಲವೋ ಎಂಬುದನ್ನು ಆಮೇಲೆ ಹೇಳುತ್ತೇನೆ. ಮೂವತ್ತು ವರ್ಷ ಮಕ್ಕಳಿಗೆ ಚರಿತ್ರೆ ಹೇಳಿದವನಿಗೆ ಬಟ್ಟಲಿಗಿಂತ ಮೊದಲು ಆ ಮಾತು ಸಿಕ್ಕಿತು. ಟಾಡಿ! ಇದು ನಮ್ಮ ಕಳ್ಳಿನ ಹೆಸರಲ್ಲವೇ?

ಹೌದು, ಅದೇ. ಸಂಸ್ಕೃತದಲ್ಲಿ ತಾಲ, ನಮ್ಮಲ್ಲಿ ತಾಳೆ, ಉತ್ತರದವರ ಬಾಯಲ್ಲಿ ತಾಡ್. ಆ ಮರದಿಂದ ಇಳಿಸಿದ್ದು ತಾಡಿ. 17ನೆಯ ಶತಮಾನದಲ್ಲಿ ನಮ್ಮ ಬಂದರುಗಳಿಗೆ ವ್ಯಾಪಾರಕ್ಕೆ ಬಂದ ಇಂಗ್ಲಿಷರು ಮರದಿಂದಿಳಿದ ಈ ಬೆಳ್ಳನೆಯ ರಸವನ್ನು ಕುಡಿದು, ಹೆಸರನ್ನು ತಮ್ಮ ನಾಲಿಗೆಗೆ ಹೊಂದಿಸಿಕೊಂಡರು. 18ನೆಯ ಶತಮಾನದ ಹೊತ್ತಿಗೆ ಸ್ಕಾಟ್ಲೆಂಡಿನ ಚಳಿಯಲ್ಲಿ ವಿಸ್ಕಿ, ಬಿಸಿನೀರು, ಸಕ್ಕರೆ ಬೆರೆಸಿದ ಪಾನಕ್ಕೆ ಅದೇ ಹೆಸರು ಅಂಟಿಕೊಂಡಿತ್ತು. ಅದರಲ್ಲಿ ತಾಳೆಯೂ ಇಲ್ಲ, ಈಚಲೂ ಇಲ್ಲ. ಹೆಸರು ಮಾತ್ರ ಉಳಿಯಿತು. ಪಂಚ್ ಎಂಬ ಇನ್ನೊಂದು ಪಾನದ ಕಥೆಯೂ ಹೀಗೆಯೇ. 1632ರಲ್ಲಿ ಈಸ್ಟ್ ಇಂಡಿಯಾ ಕಂಪನಿಯವನೊಬ್ಬ ಬರೆದ ಕಾಗದದಲ್ಲಿಯೇ ಆ ಹೆಸರು ಬರುತ್ತದೆ. ಸಾರಾಯಿ, ಸಕ್ಕರೆ, ಲಿಂಬೆ, ನೀರು, ಸಂಬಾರ, ಹೀಗೆ ಐದು ಸೇರಿದ್ದರಿಂದ ‘ಪಂಚ’ ಎಂದಾಯಿತೆಂದು ಬಹಳ ಜನ ಹೇಳುತ್ತಾರೆ. ವಿದ್ವಾಂಸರೆಲ್ಲ ಇದನ್ನು ಒಪ್ಪಿಲ್ಲ. ಆದರೂ ನಮ್ಮ ಹುಡುಗಿಯ ಲೋಟದಲ್ಲಿದ್ದುದನ್ನು ಎಣಿಸಿ ನೋಡಿದರೆ ಆ ಐದೂ ಅಲ್ಲಿದ್ದವು. ಕಾಕ್‌ಟೈಲ್ ಎಂಬ ಮಾತಿಗೆ ಅಮೆರಿಕದ ಹಡ್ಸನ್ ಎಂಬ ಪಟ್ಟಣದ ಪತ್ರಿಕೆಯೊಂದು ಅರ್ಥ ಹೇಳಿದ್ದು 1806ರಲ್ಲಿ. ಪಂಚಿನ ಪಕ್ಕದಲ್ಲಿಟ್ಟರೆ ಅದು ಮೊಮ್ಮಗ.

ಹೆಸರಿನ ಮಾತು ಇರಲಿ. ಹಡಗು ಹತ್ತಿ ಹೋದ ಮಾತು ವಿಸ್ಕಿಯ ಬಟ್ಟಲಲ್ಲಿ ಕುಳಿತು ಗೌರವಸ್ಥನಾಯಿತು. ಮರ ಹತ್ತಿದವನು ಏನಾದ?

ನಮ್ಮ ಕಡೆ ಕಳ್ಳಿನ ಮರವೆಂದರೆ ತಾಳೆಯಲ್ಲ, ಬಗನಿ. ಬೈನೆ ಎಂದೂ ಹೇಳುತ್ತಾರೆ. ಶಾಸ್ತ್ರಜ್ಞರ ಹೆಸರು ಕ್ಯಾರಿಯೋಟ ಯುರೆನ್ಸ್. ಯುರೆನ್ಸ್ ಎಂದರೆ ಸುಡುವಂಥದು. ಹಣ್ಣಿನ ರಸ ಮೈಗೆ ತಾಗಿದರೆ ಆ ಹೆಸರಿನ ಅರ್ಥ ತಾನಾಗಿ ತಿಳಿಯುತ್ತದೆ. ಎಲೆ ಮೀನಿನ ಬಾಲದಂತೆ, ಆನೆಗೆ ಪ್ರಿಯ. ಬರಗಾಲದಲ್ಲಿ ಕಾಂಡದ ತಿರುಳನ್ನು ಕುಟ್ಟಿ ಹಿಟ್ಟು ತೆಗೆದು ಉಂಡವರಿದ್ದಾರೆ. ಈ ಮರದ ಬಾಳು ವಿಚಿತ್ರವಾದದ್ದು. ಹತ್ತಾರು ವರ್ಷ ಸುಮ್ಮನೆ ಬೆಳೆಯುತ್ತದೆ. ಆಮೇಲೆ ಕುದುರೆಯ ಬಾಲದಂಥ ಹೂಗೊಂಚಲನ್ನು ಮೊದಲು ತುದಿಯಲ್ಲಿ ಬಿಟ್ಟು, ಮುಂದಿನದನ್ನು ಅದಕ್ಕಿಂತ ಕೆಳಗೆ, ಅದರ ಮುಂದಿನದನ್ನು ಇನ್ನೂ ಕೆಳಗೆ, ಹೀಗೆ ಇಳಿಯುತ್ತ ಬಂದು, ಕೊನೆಯ ಗೊಂಚಲು ಹಣ್ಣಾದ ಮೇಲೆ ಸಾಯುತ್ತದೆ. ಅರಳಲಿರುವ ಗೊಂಚಲನ್ನು ದಿನದಿನವೂ ಹದವಾಗಿ ತಟ್ಟಿ, ತುದಿಯನ್ನು ತೆಳ್ಳಗೆ ಕೊಯ್ದು, ಮೊಗೆ ಕಟ್ಟಿದರೆ ರಸ ತೊಟ್ಟಿಕ್ಕುತ್ತದೆ. ಕೊಯ್ಲು ದಪ್ಪವಾದರೆ ಗೊಂಚಲು ಬೇಗ ಮುಗಿದುಹೋಗುತ್ತದೆ. ತಟ್ಟಿದ್ದು ಸಾಲದಿದ್ದರೆ ರಸವೇ ಬಾರದು. ಇದನ್ನು ಪುಸ್ತಕ ನೋಡಿ ಕಲಿಯುವುದು ಸಾಧ್ಯವಿಲ್ಲ.

ನನ್ನ ಚಿಕ್ಕಂದಿನಲ್ಲಿ ನಮ್ಮ ತೋಟದ ಮೇಲಿನ ಕಾಡಿನಲ್ಲಿ ಮರ ಕಟ್ಟಲು ಒಬ್ಬ ಬರುತ್ತಿದ್ದ. ಒಬ್ಬ ಎಂದು ಬರೆದೆ. ನಮ್ಮ ಮನೆಯಲ್ಲಿ ಐದು ವರ್ಷದ ಮಗುವೂ ಆತನನ್ನು ಏಕವಚನದಲ್ಲಿಯೇ ಕರೆಯುತ್ತಿತ್ತು. ಆತ ಎರಡು ಬಗೆಯ ಮೊಗೆ ಕಟ್ಟುತ್ತಿದ್ದ. ಸುಣ್ಣ ಬಳಿದ ಮೊಗೆಯಲ್ಲಿ ಬಿದ್ದ ರಸ ಹುಳಿಯುವುದಿಲ್ಲ, ಜೇನಿನಂತೆ ಸಿಹಿ. ಸುಣ್ಣವಿಲ್ಲದ ಮೊಗೆಯದು ಮರದ ಮೇಲಿರುವಾಗಲೇ ನೊರೆಯೆದ್ದು ಬಿಸಿಲೇರುವಷ್ಟರಲ್ಲಿ ಕಳ್ಳು. ಆತ ಒಮ್ಮೆ ಸುಣ್ಣದ ಮೊಗೆಯ ರಸವನ್ನು ನನ್ನ ಅಂಗೈಗೆ ಬಿಟ್ಟ. ನಾನು ನೆಕ್ಕಿದ್ದನ್ನು ಅಜ್ಜಿ ಕಂಡರು. ಹಂಡೆ ನೀರಿನ ಸ್ನಾನ ನನಗೆ, ಬೈಗುಳ ಆತನಿಗೆ.

ಅದೇ ಅಜ್ಜಿಯ ಕೋಣೆಯ ನೆಲಹಲಗೆಯ ಮೇಲೆ ದಶಮೂಲಾರಿಷ್ಟದ ಸೀಸೆ ಸದಾ ಇರುತ್ತಿತ್ತು. ಬಾಣಂತಿಯರಿಗೆ ಅದು ಬೇಕೇ ಬೇಕು. ಬೇರುಗಳ ಕಷಾಯಕ್ಕೆ ಬೆಲ್ಲ, ಧಾತಕಿಯ ಹೂ ಸೇರಿಸಿ, ಬಾಯಿ ಕಟ್ಟಿ, ತಿಂಗಳು ಇಟ್ಟು ಹುದುಗಿಸಿದರೆ ಅರಿಷ್ಟವಾಗುತ್ತದೆ. ಅದರಲ್ಲಿ ತಾನಾಗಿ ಹುಟ್ಟಿದ ಮದ್ಯಸಾರ ನೂರಕ್ಕೆ 5ರಿಂದ 10ರಷ್ಟಿರುತ್ತದೆ. ಎಳೆಯ ಕಳ್ಳು ಅದಕ್ಕಿಂತ ಸಪ್ಪೆ. ನಮ್ಮ ಸ್ಮೃತಿಕಾರರಿಗೆ ಇದೆಲ್ಲ ತಿಳಿಯದ ವಿಷಯವೇನಲ್ಲ. ಮನುಸ್ಮೃತಿ ಸುರೆಯನ್ನು ಮೂರು ಬಗೆಯೆಂದು ಎಣಿಸುವಾಗ ಬೆಲ್ಲದ್ದಾದ ‘ಗೌಡಿ’ಯನ್ನೇ ಮೊದಲು ಹೆಸರಿಸುತ್ತದೆ. ಇಂದು ನಮ್ಮ ದೇಶದಲ್ಲಿ ಅಗ್ಗದ ವಿಸ್ಕಿಯೆಂದು ಮಾರಾಟವಾಗುವ ಬಹುಪಾಲಿಗೆ ಕಾಕಂಬಿಯಿಂದ ಬಟ್ಟಿಯಿಳಿಸಿದ ಮದ್ಯಸಾರವೇ ಮೂಲ. ಹೆಸರು ವಿಸ್ಕಿ, ಹುಟ್ಟು ಗೌಡಿ. ಬಾರ್ಲಿಯಿಂದಲೇ ಮಾಡಿದ ವಿಸ್ಕಿಯೂ ನಮ್ಮಲ್ಲಿ ಇಲ್ಲದಿಲ್ಲ. 1948ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಅಮೃತ್ ಡಿಸ್ಟಿಲರಿಯವರು ತಮ್ಮ ಬಾರ್ಲಿ ವಿಸ್ಕಿಯನ್ನು 2004ರಲ್ಲಿ ಮೊದಲು ಮಾರುಕಟ್ಟೆಗಿಟ್ಟದ್ದು ಬೆಂಗಳೂರಿನಲ್ಲಲ್ಲ, ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ. ಟಾಡಿ ಎಂಬ ಹೆಸರನ್ನು ಕೊಂಡೊಯ್ದವರ ಮನೆಗೇ ಹೋಗಿ ಬಟ್ಟಲನ್ನೂ ಕೊಟ್ಟುಬಂದಂತಾಯಿತು.

ಮೇಪಲ್ ಪಾಕದ ಚರಿತ್ರೆಯನ್ನು ಹುಡುಗಿ ಹೇಳಿದಳು; ಉಳಿದದ್ದನ್ನು ನಾನು ಓದಿಕೊಂಡೆ. ಚಳಿಗಾಲದ ಕೊನೆಯಲ್ಲಿ, ರಾತ್ರಿ ಹೆಪ್ಪುಗಟ್ಟಿ ಹಗಲು ಕರಗುವ ದಿನಗಳಲ್ಲಿ, ಮರಕ್ಕೆ ಸಣ್ಣ ತೂತು ಕೊರೆದು ರಸ ಹಿಡಿಯುತ್ತಾರೆ. ನೀರಿನಷ್ಟೇ ತೆಳುವಾದ ಆ ರಸ ಸುಮಾರು 40 ಲೀಟರು ಕುದಿದರೆ ಒಂದು ಲೀಟರು ಪಾಕ. ಯುರೋಪಿನವರು ಆ ನೆಲಕ್ಕೆ ಕಾಲಿಡುವುದಕ್ಕೆ ಮೊದಲೇ ಅಲ್ಲಿನ ಮೂಲನಿವಾಸಿಗಳಿಗೆ ಇದು ತಿಳಿದಿತ್ತು. 1791ರಲ್ಲಿ ಫಿಲಡೆಲ್ಫಿಯದ ವೈದ್ಯ ಬೆಂಜಮಿನ್ ರಷ್ ಎಂಬಾತ ಥಾಮಸ್ ಜೆಫರ್ಸನ್ನನಿಗೆ ಮೇಪಲ್ ಸಕ್ಕರೆಯ ವಿಷಯವಾಗಿ ಉದ್ದವಾದ ಪತ್ರ ಬರೆದ. ಕಬ್ಬಿನ ಸಕ್ಕರೆ ಗುಲಾಮರ ಬೆವರಿನದು, ಮರದ ಸಕ್ಕರೆಯಾದರೆ ರೈತ ತನ್ನ ಹೆಂಡಿರು ಮಕ್ಕಳೊಡನೆ ತಾನೇ ಮಾಡಿಕೊಳ್ಳಬಹುದು ಎಂಬುದು ಅವನ ವಾದದ ತಿರುಳು. ಜೆಫರ್ಸನ್ ಉತ್ಸಾಹದಿಂದ ಸಸಿಗಳನ್ನು ತರಿಸಿ ನೆಟ್ಟ, ಅವು ಏಳಲಿಲ್ಲ. ನೆಟ್ಟವರು ಅವನ ಗುಲಾಮರೇ ಆಗಿದ್ದಿರಬೇಕು ಎಂದು ನನಗೆ ಅನುಮಾನ.

ಇಷ್ಟು ತಿಳಿದ ಮೇಲೆ ಒಂದು ಪ್ರಶ್ನೆ ನನ್ನನ್ನು ಬಿಡಲಿಲ್ಲ. ಬಗನಿಯ ಸಿಹಿರಸವನ್ನು ಕುದಿಸಿದರೂ ಇಂಥದೇ ಕಂದು ಪಾಕ ಬರುತ್ತದೆ. ಲಂಕೆಯಲ್ಲಿ ಇದೇ ಮರವನ್ನು ಕಿತುಲ್ ಎನ್ನುತ್ತಾರೆ. ಅದರ ಪಾಕವನ್ನು ಎಮ್ಮೆಯ ಮೊಸರಿನ ಮೇಲೆ ಸುರಿದುಕೊಂಡು ಉಣ್ಣುವುದು ಅಲ್ಲಿ ಮನೆಮಾತು. ನಮ್ಮ ಮನೆಯ ಉಗ್ರಾಣದಲ್ಲಿ ಆಲೆಮನೆಯ ಜೋನಿಬೆಲ್ಲ ಡಬ್ಬಗಟ್ಟಲೆ ಇತ್ತು. ಬಗನಿಯ ಪಾಕ ಒಂದು ಕುಡಿಕೆಯೂ ಇರಲಿಲ್ಲ. ಏಕೆ?

ಸರ್ಕಾರವನ್ನು ದೂರಿ ಮುಗಿಸುವುದು ಸುಲಭ. ಅಬಕಾರಿಯ ಕಣ್ಣಿಗೆ ಮರದ ರಸವೆಂದರೆ ಕಂದಾಯ. ಗುತ್ತಿಗೆ ಹಿಡಿದವನು ಒಬ್ಬ, ಮರ ಹತ್ತಿದವನು ಇನ್ನೊಬ್ಬ, ಲಾಭ ಯಾರಿಗೆಂದು ಹೇಳಬೇಕಾದ್ದಿಲ್ಲ. ಪಾನನಿರೋಧದವರ ಕಣ್ಣಿಗೆ ಅದು ಪಾಪ. 1939ರಲ್ಲಿ ಚಿತ್ರದುರ್ಗದ ಬಳಿ ತುರುವನೂರಿನಲ್ಲಿ ಸತ್ಯಾಗ್ರಹಿಗಳು ಕಡಿದದ್ದು ಈಚಲು ಮರಗಳನ್ನು. ಆ ಕೊಡಲಿಯಲ್ಲಿ ದೇಶಭಕ್ತಿಯಿತ್ತು, ಸಂದೇಹವಿಲ್ಲ. ಆಮೇಲೆ 1961ರ ಪಾನನಿರೋಧ ಕಾಯಿದೆ, 1965ರ ಅಬಕಾರಿ ಕಾಯಿದೆ, 2007ರ ಜುಲೈ 1ರಿಂದ ಸಾರಾಯಿ ನಿಷೇಧ, ಇವೆಲ್ಲ ಬಂದವು. ಮುಚ್ಚಿದ್ದು ಬಡವನ ಅಂಗಡಿ. ಚೀಟಿ ಅಂಟಿಸಿದ ಸೀಸೆಯ ಅಂಗಡಿ ತೆರೆದೇ ಇದೆ. ಹಾಗೆಂದು ಕಳ್ಳಂಗಡಿ ಒಳ್ಳೆಯದಾಗಿತ್ತೆಂದು ನಾನು ಹೇಳಲಾರೆ. ನಮ್ಮ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ಯನ್ನು ಓದಿದವರಿಗೆ ಕಳ್ಳು ಮಲೆನಾಡಿನ ಮನೆಗಳಲ್ಲಿ ಮಾಡಿದ ಕೆಡುಕು ಗೊತ್ತು.

ಆದರೆ ಬಗನಿಯ ಪಾಕ ನಮ್ಮ ಉಗ್ರಾಣಕ್ಕೆ ಬಾರದಿದ್ದುದಕ್ಕೆ ಇದ್ಯಾವುದೂ ಕಾರಣವಲ್ಲವೆಂದೇ ನನ್ನ ಎಣಿಕೆ. ನಮ್ಮವರು ಕಾಡುಜೇನನ್ನು ಯಾರ ಕೈಯಿಂದಲಾದರೂ ಕೊಳ್ಳುತ್ತಿದ್ದರು. ಅದು ಬೆಂಕಿ ಕಾಣದ ವಸ್ತು. ಪಾಕ ಹಾಗಲ್ಲ. ಅದನ್ನು ಮರ ಕಟ್ಟುವವನ ಒಲೆಯ ಮೇಲೆ, ಅವನ ಪಾತ್ರೆಯಲ್ಲಿ, ಅವನ ಹೆಂಡತಿ ಕಾಯಿಸಬೇಕು. ಆ ಒಲೆಯ ಮೇಲೆ ಬೆಂದದ್ದನ್ನು ನಮ್ಮ ಅಜ್ಜಿ ಮನೆಯೊಳಗೆ ಬಿಡುತ್ತಿದ್ದರೇ? ಕೊಳ್ಳುವವರಿಲ್ಲದ ಪಾಕವನ್ನು ಆತ ಏಕೆ ಕಾಯಿಸಿಯಾನು? ಸುಣ್ಣವಿಲ್ಲದ ಮೊಗೆಗೆ ಗಿರಾಕಿಯಿದ್ದ. ಆತ ಅದನ್ನೇ ಕಟ್ಟಿದ. ಆಮೇಲೆ ನಾವೇ ಆತನನ್ನು ಹೆಂಡದವನೆಂದು ಕರೆದೆವು.

ಮರುದಿನ ಮಳೆ ತುಸು ಹೊಳವಾದಾಗ ಹುಡುಗಿಯನ್ನು ಕರೆದುಕೊಂಡು ಆತನ ಮಗನ ಮನೆಗೆ ಹೋದೆ. ಅವರು ಬಸ್ಸಿನ ಕಂಡಕ್ಟರರಾಗಿದ್ದು ನಿವೃತ್ತರಾದವರು; ನನಗಿಂತ ಎರಡು ವರ್ಷ ಹಿರಿಯರು. ಜಗಲಿಯ ಗೋಡೆಯ ಮೇಲೆ ನಾರಾಯಣ ಗುರುಗಳ ಪಟ. ಮದ್ಯ ಮಾಡಬಾರದು, ಕೊಡಬಾರದು, ಕುಡಿಯಬಾರದು ಎಂದು ಗುರುಗಳು 1921ರಲ್ಲಿ ತಮ್ಮವರಿಗೆ ಹೇಳಿದ್ದರು. ಆ ಮಾತು ಮಂಗಳೂರಿನ ನೆಂಟರ ಬಾಯಿಂದ ಘಟ್ಟ ಹತ್ತಿ ಇವರ ಮನೆಗೆ ಮುಟ್ಟಲು ನಾಲ್ಕು ದಶಕ ಹಿಡಿಯಿತಂತೆ. ನಾನು ಬಗನಿಯ ವಿದ್ಯೆ ಹೋಯಿತಲ್ಲ ಎಂದು ಮರುಗುವ ಧಾಟಿಯಲ್ಲಿ ಮಾತು ತೆಗೆದೆ. ಅವರು ನನ್ನನ್ನು ಪೂರ್ತಿ ಮಾತಾಡಲು ಬಿಟ್ಟು, ಆಮೇಲೆ ಹೇಳಿದರು: ‘ಮೇಷ್ಟ್ರೇ, ನಮ್ಮಪ್ಪ ಮರದಿಂದ ಇಳಿದ ದಿನ ನಮ್ಮಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿದ್ಲು. ಮಳೆಗಾಲದಾಗೆ ಆ ಮರದ ಮ್ಯಾಲೆ ನೀವು ಒಂದು ಸಲ ಹತ್ತಿ ನೋಡ್ಬೇಕಿತ್ತು.’

ನನಗೆ ಉತ್ತರ ಹೊಳೆಯಲಿಲ್ಲ. ಹುಡುಗಿ ಚೀಲದಿಂದ ಮೇಪಲ್ ಸೀಸೆ ತೆಗೆದು ಅವರ ಅಂಗೈಗೆ ನಾಲ್ಕು ತೊಟ್ಟು ಬಿಟ್ಟಳು. ಅವರು ನೆಕ್ಕಿದರು, ಸ್ವಲ್ಪ ಹೊತ್ತು ಸುಮ್ಮನಿದ್ದು ಒಳಗಿದ್ದ ಹೆಂಡತಿಯನ್ನು ಕರೆದು ಅವರ ಕೈಗೂ ಬಿಡಿಸಿದರು. ‘ಅಮ್ಮ ಕಾಯಿಸ್ತಿದ್ಲು. ನಮ್ಮ ಮನೆಮಟ್ಟಿಗೆ, ಹಬ್ಬಕ್ಕೆ. ಹಿಂಗೇ ಇರ್ತಿತ್ತು. ಇಷ್ಟು ತೆಳು ಅಲ್ಲ’ ಎಂದರು.

ಅಂದರೆ ಬಗನಿಯ ಪಾಕ ನಮ್ಮ ಊರಿನಲ್ಲಿಯೇ ಇತ್ತು. ನಮ್ಮ ತೋಟ ದಾಟಿದರೆ ಅವರ ಮನೆ. ಎಪ್ಪತ್ತು ವರ್ಷ ನನಗೆ ತಿಳಿದಿರಲಿಲ್ಲ.

ಅವರ ಹೆಂಡತಿ ಶುಂಠಿ, ಕಾಳುಮೆಣಸು ಜಜ್ಜಿ ಕಷಾಯ ಮಾಡಿ ಹುಡುಗಿ ತಂದ ಪಾಕವನ್ನೇ ಅದಕ್ಕೆ ಹಾಕಿ ಕೊಟ್ಟರು. ನಾವು ನಾಲ್ವರೂ ಜಗಲಿಯಲ್ಲಿ ಕುಳಿತು ಕುಡಿದೆವು. ಆ ಮನೆಯ ಒಲೆಯ ಮೇಲೆ ಕಾಯಿಸಿದ್ದನ್ನು ನಾನು ಬಾಯಿಗಿಟ್ಟದ್ದು ಅದೇ ಮೊದಲು. ಹಿಂದಿನ ರಾತ್ರಿಯ ಬಟ್ಟಲಿನ ಮಾತೆ? ಅರ್ಧ ಕುಡಿದಿದ್ದೆ, ಚೆನ್ನಾಗಿತ್ತು. ಉಳಿದರ್ಧವನ್ನು ಮನೆಯಾಕೆ ಮೂಸಿ ನೋಡಿ, ಅರಿಷ್ಟದ ವಾಸನೆಯೇ ಎಂದು ಹೇಳಿ ಮುಂಡಿಗೆ ಗಿಡದ ಬುಡಕ್ಕೆ ಚೆಲ್ಲಿದಳು. ಹೊರಡುವಾಗ ಮೇಪಲ್ ಸೀಸೆಯನ್ನು ಕಂಡಕ್ಟರರ ಮನೆಯಲ್ಲಿಯೇ ಬಿಟ್ಟುಬಂದೆವು. ಪುಷ್ಯ ಮಳೆ ಹಿಡಿಯುವ ಹೊತ್ತಿಗೆ ಅದು ತೊಳೆದು, ಒರೆಸಿ, ಅವರ ಮನೆಯ ಜೇನು ತುಂಬಿಕೊಂಡು ನಮ್ಮ ಜಗಲಿಗೆ ವಾಪಸು ಬಂತು.