ಅಯಾವಾಸ್ಕ: ಬಳ್ಳಿ, ಎಲೆ, ಹಾಡು

ಪೆರು ದೇಶದ ಉಕಯಾಲಿ ನದಿ ದಂಡೆಯ ಶಿಪಿಬೊ-ಕೊನಿಬೊ ಜನರು ಬ್ಯಾನಿಸ್ಟೀರಿಯಾಪ್ಸಿಸ್ ಕಾಪಿ ಎಂಬ ಹೆಬ್ಬಳ್ಳಿಯನ್ನು ಜಜ್ಜಿ, ಚಕ್ರೂನಾ ಎಲೆಗಳೊಡನೆ ತಾಸುಗಟ್ಟಲೆ ಕುದಿಸಿ ಬತ್ತಿಸುವ ಕಷಾಯವೇ ಅಯಾವಾಸ್ಕ. ದರ್ಶನ ತರಿಸುವ ಡಿಎಂಟಿ ಎಂಬ ರಾಸಾಯನಿಕ ಇರುವುದು ಎಲೆಯಲ್ಲಿ. ಆದರೆ ಬರೀ ಎಲೆಯ ರಸ ಕುಡಿದರೆ ನಮ್ಮ ಕರುಳಿನ, ಯಕೃತ್ತಿನ ಕಿಣ್ವವೊಂದು ಅದನ್ನು ಒಡೆದುಹಾಕುತ್ತದೆ. ಆ ಕಿಣ್ವವನ್ನು ತಡೆಯುವುದು ಬಳ್ಳಿಯ ಹಾರ್ಮೀನ್. ಸಾವಿರಾರು ಸಸ್ಯಗಳ ಕಾಡಿನಲ್ಲಿ ಈ ಜೋಡಿಯನ್ನು ಪತ್ತೆಹಚ್ಚಿದ್ದು ಸಾಮಾನ್ಯ ಸಂಗತಿಯಲ್ಲ.

ಸೇವನೆ ರಾತ್ರಿಯ ಕತ್ತಲಲ್ಲಿ. ಒನಾನ್ಯ ಎಂಬ ವೈದ್ಯರು ಇಕಾರೊ ಹಾಡುಗಳನ್ನು ಹಾಡುತ್ತ ದರ್ಶನಗಳನ್ನು ನಡೆಸುತ್ತಾರೆ. ಹಿಂದೆ ಹೆಚ್ಚಾಗಿ ಕುಡಿಯುತ್ತಿದ್ದವರು ವೈದ್ಯರೇ, ರೋಗಿಗಳಲ್ಲ. ರೋಗದ ಮೂಲವನ್ನು ಕಾಣಬೇಕಾದವರು ಅವರು ತಾನೆ! ವಾಂತಿಯಾದರೆ ಮೈ ಶುದ್ಧಿಯಾಯಿತೆಂದು ಭಾವಿಸುತ್ತಾರೆ.

ಇಂಗ್ಲೆಂಡಿನ ಸಸ್ಯವಿಜ್ಞಾನಿ ರಿಚರ್ಡ್ ಸ್ಪ್ರೂಸ್ 1852ರಲ್ಲಿ ವೌಪೆಸ್ ನದಿ ತೀರದ ಹಬ್ಬವೊಂದರಲ್ಲಿ ಇದೇ ಬಳ್ಳಿಯ ಪಾನೀಯವನ್ನು ಕುಡಿದ. ಬೆನ್ನಿಗೇ ಆತಿಥೇಯರು ಮರಗೆಣಸಿನ ಮದ್ಯ, ಭಾರೀ ಚುಟ್ಟ ಎಲ್ಲ ಕೊಟ್ಟಿದ್ದರಿಂದ ದರ್ಶನ ಅವನಿಗೆ ದಕ್ಕಲಿಲ್ಲ. ಆದರೂ ಬಳ್ಳಿಗೆ ಮೊದಲು ವೈಜ್ಞಾನಿಕ ಹೆಸರಿಟ್ಟವನು ಅವನೇ.

ಪೆರು ಸರ್ಕಾರ 2008ರಲ್ಲಿ ಅಯಾವಾಸ್ಕದ ಸಾಂಪ್ರದಾಯಿಕ ಜ್ಞಾನ ಹಾಗೂ ಬಳಕೆಯನ್ನು ರಾಷ್ಟ್ರೀಯ ಸಾಂಸ್ಕೃತಿಕ ಪರಂಪರೆಯೆಂದು ಘೋಷಿಸಿತು. ಪ್ರವಾಸಿಗರಿಗಾಗಿ ನಡೆಯುವ ವ್ಯಾಪಾರಿ ಬಳಕೆಯನ್ನು ಅದರಿಂದ ಬೇರೆಯಾಗಿಯೇ ಇಟ್ಟಿತು.