ಆಮದು ಚೀಸ್‌ನ ಸೀಮಾ ಸುಂಕ ವರ್ಗೀಕರಣ: ಆಮದುದಾರರಿಗೆ ಮಾಹಿತಿ

ವಿದೇಶದಿಂದ ಚೀಸ್ ತರಿಸುವ ವ್ಯಾಪಾರಿಗಳು, ಹೋಟೆಲು ಹಾಗೂ ಬೇಕರಿ ಉದ್ದಿಮೆದಾರರು ಬಿಲ್ ಆಫ್ ಎಂಟ್ರಿ ಸಲ್ಲಿಸುವಾಗ ಸರಕಿನ ಸುಂಕ ಶೀರ್ಷಿಕೆಯನ್ನು ತಾವೇ ನಮೂದಿಸತಕ್ಕದ್ದು. ಸೀಮಾ ಸುಂಕ ಅಧಿನಿಯಮ, 1962ರ 17ನೇ ಪ್ರಕರಣದ ಮೇರೆಗೆ 2011ರಿಂದ ಸ್ವಯಂ ಸುಂಕ ನಿರ್ಧರಣೆ ಜಾರಿಯಲ್ಲಿದ್ದು, ನಮೂದು ತಪ್ಪಿದಲ್ಲಿ ಅದರ ಹೊಣೆಯೂ ಆಮದುದಾರರದೇ ಆಗಿರುತ್ತದೆ. ಚೀಸ್ ಕೆಡುವ ಪದಾರ್ಥವಾದುದರಿಂದ, ಬಂದರಿನಲ್ಲಿ ಆಕ್ಷೇಪಣೆ ಎದ್ದ ನಂತರ ಉತ್ತರ ಹುಡುಕುವುದಕ್ಕಿಂತ ಸರಕು ಹೊರಡುವ ಮುನ್ನವೇ ವರ್ಗೀಕರಣವನ್ನು ಖಚಿತಪಡಿಸಿಕೊಳ್ಳುವುದು ಸೂಕ್ತ.

ಶೀರ್ಷಿಕೆ 0406

ಸೀಮಾ ಸುಂಕ ದರ ಅಧಿನಿಯಮ, 1975ರ ಮೊದಲನೇ ಅನುಸೂಚಿಯ 4ನೇ ಅಧ್ಯಾಯದಲ್ಲಿ ಹೈನು ಉತ್ಪನ್ನಗಳಿವೆ. ಅದರಲ್ಲಿ 0406 ಶೀರ್ಷಿಕೆಯು ‘ಚೀಸ್ ಮತ್ತು ಕರ್ಡ್’ಗೆ ಮೀಸಲು. ಇಲ್ಲಿನ ‘ಕರ್ಡ್’ ಎಂಬ ಪದ ನಮ್ಮ ಮೊಸರಲ್ಲ. ಹಾಲನ್ನು ಒಡೆಸಿದಾಗ ನೀರಿನಿಂದ ಬೇರ್ಪಡುವ ಗಟ್ಟಿ ಭಾಗ. ಮೊಸರು 0403ರಲ್ಲಿ ಬರುತ್ತದೆ. ಅಂತೆಯೇ ಕೆಲವು ನಿಘಂಟುಗಳು ಚೀಸ್‌ಗೆ ‘ಗಿಣ್ಣು’ ಎಂದು ಅರ್ಥ ಕೊಟ್ಟಿದ್ದರೂ, ಕರು ಹಾಕಿದ ಹಸುವಿನ ಮೊದಲ ಹಾಲಿನ ಗಿಣ್ಣಿಗೂ ಈ ಶೀರ್ಷಿಕೆಗೂ ಸಂಬಂಧವಿಲ್ಲ. ಆ ಕಾರಣ ಈ ಪುಟದಲ್ಲಿ ‘ಚೀಸ್’ ಎಂಬ ಪದವನ್ನೇ ಉಳಿಸಿಕೊಳ್ಳಲಾಗಿದೆ.

ಸದರಿ ಶೀರ್ಷಿಕೆಯಡಿ ಐದು ಬಾಬುಗಳಿವೆ. ಹದಗೊಳಿಸದ ತಾಜಾ ಚೀಸ್, ಅಂದರೆ ರಿಕೋಟಾ, ಕ್ರೀಂ ಚೀಸ್, ತಾಜಾ ಮೊಜರೆಲ್ಲಾ ಮುಂತಾದವು 0406 10 00ರಲ್ಲಿ ಬರುತ್ತವೆ. ತುರಿದ ಅಥವಾ ಪುಡಿ ಮಾಡಿದ ಎಲ್ಲ ಬಗೆಯ ಚೀಸ್ 0406 20 00ಕ್ಕೂ, ತುರಿಯದ ಹಾಗೂ ಪುಡಿ ಮಾಡದ ಸಂಸ್ಕರಿತ ಚೀಸ್ 0406 30 00ಕ್ಕೂ ಸೇರುತ್ತವೆ. ರೋಕ್‌ಫೋರ್, ಗೊರ್ಗೊನ್‌ಜೋಲಾ, ಸ್ಟಿಲ್ಟನ್ ಮೊದಲಾದ ನೀಲಿ ಗೆರೆಯ ಚೀಸ್‌ಗಳಿಗೆ 0406 40 00 ನಿಗದಿಯಾಗಿದೆ. ಚೆಡ್ಡಾರ್, ಗೌಡಾ, ಬ್ರೀ, ಇಡಿಯಾದ ಪಾರ್ಮೆಸಾನ್ ಸೇರಿದಂತೆ ಉಳಿದವು 0406 90 00ರಲ್ಲಿ ಬರುತ್ತವೆ.

ಆಮದುದಾರರು ಮೊದಲು ಕೇಳಿಕೊಳ್ಳಬೇಕಾದುದು ಚೀಸ್‌ನ ಹೆಸರನ್ನಲ್ಲ, ಅದು ಯಾವ ರೂಪದಲ್ಲಿದೆ ಎಂಬುದನ್ನು. ಒಂದೇ ಪಾರ್ಮೆಸಾನ್ ಗಾಲಿಯಾಗಿ ಬಂದರೆ 0406 90 00, ಡಬ್ಬಿಯಲ್ಲಿ ಪುಡಿಯಾಗಿ ಬಂದರೆ 0406 20 00. ‘ಎಲ್ಲ ಬಗೆಯ’ ಎಂಬ ಪದಗಳಿರುವುದರಿಂದ ನೀಲಿ ಗೆರೆಯ ಚೀಸ್‌ನ ಪುಡಿಗೂ ಇದೇ ಅನ್ವಯ. ಎರಡನೆಯದಾಗಿ ತಯಾರಿಕಾ ವಿಧಾನವನ್ನು ನೋಡತಕ್ಕದ್ದು. ಒಂದು ಅಥವಾ ಹಲವು ಬಗೆಯ ಚೀಸನ್ನು ಎಮಲ್ಸೀಕಾರಕ ಲವಣಗಳೊಡನೆ ಕಾಯಿಸಿ ಕರಗಿಸಿದ್ದಲ್ಲಿ, ಹೊದಿಕೆಯ ಮೇಲೆ ‘ಚೆಡ್ಡಾರ್ ಸ್ಲೈಸ್’ ಎಂದಿದ್ದರೂ ಅದು ಸಂಸ್ಕರಿತ ಚೀಸ್ ಆಗುತ್ತದೆ.

ಮೆಣಸು, ಸೊಪ್ಪು, ಬೀಜ, ಹಣ್ಣು ಬೆರೆಸಿದ ಚೀಸ್, ಚೀಸ್‌ನ ಗುಣ ಉಳಿಸಿಕೊಂಡಿರುವವರೆಗೆ 0406ರಲ್ಲೇ ಉಳಿಯುತ್ತದೆ. ಬ್ರೆಡ್ಡಿನ ಪುಡಿ ಸವರಿದ ಚೀಸ್ ತುಂಡುಗಳಿಗೂ ಇದು ಅನ್ವಯಿಸುತ್ತದೆ.

ಚೀಸ್‌ನಂತೆ ಕಾಣುವ ಉತ್ಪನ್ನಗಳು

ಹೆಚ್ಚಿನ ಎಚ್ಚರ ಅಗತ್ಯವಿರುವುದು ಇಲ್ಲಿಯೇ. ಹಾಲಿನ ಕೊಬ್ಬನ್ನು ತೆಗೆದು ಅದರ ಬದಲಿಗೆ ಸಸ್ಯಜನ್ಯ ಎಣ್ಣೆ ಸೇರಿಸಿದ ಉತ್ಪನ್ನವನ್ನು 4ನೇ ಅಧ್ಯಾಯದ ಟಿಪ್ಪಣಿಯು ಸ್ಪಷ್ಟವಾಗಿ ಹೊರಗಿಟ್ಟಿದೆ. ಅಂತಹವು 1901 ಅಥವಾ 2106ರಲ್ಲಿ ವರ್ಗೀಕರಣಗೊಳ್ಳುತ್ತವೆ. ಪಿಜ್ಜಾದ ಮೇಲೆ ಉದುರಿಸುವ ಕೆಲವು ಮಿಶ್ರಣಗಳು ಈ ಬಗೆಯವು. ರುಚಿಯಲ್ಲಾಗಲೀ ನೋಟದಲ್ಲಾಗಲೀ ವ್ಯತ್ಯಾಸ ತಿಳಿಯದು, ಪ್ರಯೋಗಾಲಯದ ವರದಿಯಲ್ಲಿ ತಿಳಿಯುತ್ತದೆ. ಹಾಲಿನ ಅಂಶವೇ ಇಲ್ಲದ ಉತ್ಪನ್ನವಂತೂ ಈ ಅಧ್ಯಾಯಕ್ಕೆ ಸೇರುವುದೇ ಇಲ್ಲ. ಚೀಸ್ ನೀರನ್ನು ಗಟ್ಟಿಗೊಳಿಸಿ ಹಾಲು ಅಥವಾ ಹಾಲಿನ ಕೊಬ್ಬು ಸೇರಿಸಿದ ಪದಾರ್ಥವನ್ನು ಚೀಸ್ ಎಂದು ಪರಿಗಣಿಸಲು ಮೂರು ಲಕ್ಷಣಗಳೂ ಇರತಕ್ಕದ್ದು: ಒಣ ಪದಾರ್ಥದಲ್ಲಿ ಹಾಲಿನ ಕೊಬ್ಬು ಕನಿಷ್ಠ ಶೇ. 5, ಒಣ ಪದಾರ್ಥದ ಪ್ರಮಾಣ ಶೇ. 70ರಿಂದ 85ರೊಳಗೆ, ಮತ್ತು ಅಚ್ಚಿಗೆ ಹಾಕಲು ಬರುವಂತಿರುವುದು.

ಆದುದರಿಂದ ಖರೀದಿ ಆದೇಶ ನೀಡುವ ಮುನ್ನ ರಫ್ತುದಾರರಿಂದ ಘಟಕಾಂಶಗಳ ಪಟ್ಟಿ, ಕೊಬ್ಬಿನ ಮೂಲ ಹಾಗೂ ತಯಾರಿಕಾ ವಿಧಾನದ ವಿವರವನ್ನು ಲಿಖಿತವಾಗಿ ಪಡೆದುಕೊಳ್ಳಬೇಕು. ಅವರ ಇನ್‌ವಾಯ್ಸ್‌ನಲ್ಲಿರುವ ಸಂಕೇತವನ್ನು ಹಾಗೆಯೇ ನಕಲು ಮಾಡಬಾರದು. ಮೊದಲ ಆರು ಅಂಕಿಗಳು ಮಾತ್ರ ಅಂತರರಾಷ್ಟ್ರೀಯ ಪದ್ಧತಿಯವು. ನಂತರದವು ಆಯಾ ದೇಶದವು. ಯುರೋಪಿನ ಪಟ್ಟಿಯಲ್ಲಿ ಚೆಡ್ಡಾರ್‌ಗೆ 0406 90 21 ಎಂದಿದ್ದರೂ ಭಾರತದಲ್ಲಿ ಅದು 0406 90 00. ಆರು ಅಂಕಿಗಳನ್ನೂ ಸರಕಿನೊಡನೆ ತಾಳೆ ನೋಡಿಯೇ ಒಪ್ಪಿಕೊಳ್ಳತಕ್ಕದ್ದು.

ದರ ಮತ್ತು ಇತರೆ ಷರತ್ತುಗಳು

ಮೂಲ ಸೀಮಾ ಸುಂಕ, ಅದರ ಮೇಲಿನ ಸಮಾಜ ಕಲ್ಯಾಣ ಮೇಲ್ತೆರಿಗೆ ಹಾಗೂ ಐಜಿಎಸ್‌ಟಿ ಇವು ಪಾವತಿಸಬೇಕಾದ ಬಾಬುಗಳು. 2025ರ ಸೆಪ್ಟೆಂಬರ್ 22ರಿಂದ ಚೀಸ್ ಮೇಲಿನ ಐಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿದಿದೆ. ದರವು ಬಿಲ್ ಆಫ್ ಎಂಟ್ರಿ ಸಲ್ಲಿಸಿದ ದಿನದ್ದು. ಹಡಗು ಅಥವಾ ವಿಮಾನ ಬರುವ ಮೊದಲೇ ಸಲ್ಲಿಸಿದ್ದಲ್ಲಿ ಅದು ಬಂದ ದಿನದ್ದು. ಹಳೆಯ ಬಿಲ್ಲಿನ ದರವನ್ನು ಪರಿಶೀಲಿಸದೆ ಬಳಸಬಾರದು.

ಸರಿಯಾದ ವರ್ಗೀಕರಣ ಮಾತ್ರದಿಂದ ಸರಕು ಬಿಡುಗಡೆಯಾಗುವುದಿಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರದ ನಿರಾಕ್ಷೇಪಣೆ ಹಾಗೂ ರಫ್ತು ದೇಶದ ಪಶುವೈದ್ಯಕೀಯ ಪ್ರಮಾಣಪತ್ರ ಅಗತ್ಯ. ಹಾಲು ಹೆಪ್ಪುಗಟ್ಟಿಸಲು ಪ್ರಾಣಿಜನ್ಯ ರೆನ್ನೆಟ್ ಬಳಸಿದ ಚೀಸ್‌ಗೆ ಭಾರತದ ಮಾನದಂಡದಲ್ಲಿ ಅವಕಾಶವಿಲ್ಲ. ಯುರೋಪಿನ ಹಲವು ಸಾಂಪ್ರದಾಯಿಕ ಚೀಸ್‌ಗಳು ಈ ಕಾರಣದಿಂದಲೇ ತೊಡಕಿಗೆ ಸಿಲುಕುತ್ತವೆ.

ಸಂದೇಹ ಅಥವಾ ವಿವಾದವಿದ್ದಲ್ಲಿ

ಆಮದಿಗೆ ಮುನ್ನ 28ಎಚ್ ಪ್ರಕರಣದಡಿ ಮುಂಗಡ ನಿರ್ಣಯ ಕೋರಿ ಅರ್ಜಿ ಸಲ್ಲಿಸಬಹುದು. ಇದಕ್ಕಾಗಿ ನವದೆಹಲಿ ಮತ್ತು ಮುಂಬಯಿಗಳಲ್ಲಿ ಪ್ರಾಧಿಕಾರಗಳಿವೆ. ನಿರ್ಣಯವು ಅರ್ಜಿದಾರರಿಗೂ ಸಂಬಂಧಿಸಿದ ಸುಂಕಾಧಿಕಾರಿಗಳಿಗೂ ಬದ್ಧಕಾರಿ. ಸರಕು ಈಗಾಗಲೇ ಬಂದಿದ್ದು ಪರೀಕ್ಷಾ ವರದಿ ಬಾಕಿಯಿದ್ದಲ್ಲಿ, 18ನೇ ಪ್ರಕರಣದಡಿ ಬಾಂಡ್ ನೀಡಿ ತಾತ್ಕಾಲಿಕ ಸುಂಕ ನಿರ್ಧರಣೆಯನ್ನು ಕೋರುವುದು ಒಳಿತು. ಶೀತಲಗೃಹದ ಬಾಡಿಗೆಯೂ ಸರಕಿನ ಆಯುಷ್ಯವೂ ವರದಿಗಾಗಿ ಕಾಯುವುದಿಲ್ಲ.

ಕಡಿಮೆ ಪಾವತಿಸಿದ ಸುಂಕವನ್ನು ಎರಡು ವರ್ಷಗಳೊಳಗೆ, ವಿವರ ಮುಚ್ಚಿಟ್ಟಿದ್ದಲ್ಲಿ ಐದು ವರ್ಷಗಳೊಳಗೆ ನೋಟಿಸು ನೀಡಿ ಬಡ್ಡಿಸಹಿತ ವಸೂಲು ಮಾಡಲು ಅವಕಾಶವಿದೆ. ತಪ್ಪು ಶೀರ್ಷಿಕೆಯಿಂದ ಹೆಚ್ಚು ಪಾವತಿಸಿದವರು ನೇರವಾಗಿ ಮರುಪಾವತಿ ಅರ್ಜಿ ಹಾಕಿದರೆ ಅದು ತಿರಸ್ಕೃತವಾಗುತ್ತದೆ. ಸ್ವಯಂ ನಿರ್ಧರಣೆಯಾದರೂ ಮೊದಲು ಅದನ್ನು ಮಾರ್ಪಡಿಸಿಕೊಳ್ಳಬೇಕೆಂದು ಸರ್ವೋಚ್ಚ ನ್ಯಾಯಾಲಯವು 2019ರಲ್ಲಿ ತೀರ್ಪು ನೀಡಿದೆ. ಆಯುಕ್ತರ (ಮೇಲ್ಮನವಿ) ಮುಂದೆ ಮೇಲ್ಮನವಿ ಸಲ್ಲಿಸಲು ಆದೇಶ ತಲುಪಿದ ದಿನದಿಂದ 60 ದಿನಗಳ ಕಾಲಾವಕಾಶವಿರುತ್ತದೆ.

ಪ್ರಯಾಣಿಕರು ಸ್ವಂತ ಬಳಕೆಗೆ ಸಾಮಾನಿನೊಡನೆ ತರುವ ಚೀಸ್ 9803 ಶೀರ್ಷಿಕೆಯಡಿ ಬರುವುದರಿಂದ ಮೇಲ್ಕಂಡ ವಿವರಗಳು ಅದಕ್ಕೆ ಅನ್ವಯಿಸುವುದಿಲ್ಲ.