ಗೀತಾ ನಾಗಭೂಷಣ (1942–2020)
ಕಾದಂಬರಿಕಾರ್ತಿ, ಕಥೆಗಾರ್ತಿ, ನಾಟಕಕಾರ್ತಿ

ಕಲಬುರಗಿ ಸೀಮೆಯ ಸಾವಳಗಿಯಲ್ಲಿ 1942ರ ಮಾರ್ಚ್ 25ರಂದು ಹುಟ್ಟಿದರು. ತಂದೆ ಗಿರಣಿ ಕಾರ್ಮಿಕ. ಹೆಣ್ಣುಮಕ್ಕಳ ಓದೇ ಅಪರೂಪವಾಗಿದ್ದ ಬಡಕುಟುಂಬದಿಂದ ಬಂದು, ಓದಿ, ಶಿಕ್ಷಕಿಯಾದರು.

ಆಳಂದ, ಅಫಜಲಪುರ, ಜೇವರ್ಗಿಯ ಓದುಗರಿಗೆ ಇವರ ಪುಟಗಳಲ್ಲಿ ಮೊದಲು ಕೇಳಿಸುವುದು ತಮ್ಮದೇ ಮಾತು. ಉರ್ದು, ಮರಾಠಿ, ತೆಲುಗಿನ ನಂಟಿನಲ್ಲಿ ಬೆಳೆದ ಈ ಜವಾರಿ ಕನ್ನಡವನ್ನು ಅವರು ಪಾತ್ರಗಳ ಬಾಯಿಗಷ್ಟೇ ಮೀಸಲಿಡದೆ, ಕಥೆಯ ಉಸಿರಾಗಿಸಿದರು. ಕೂಲಿಯವರು, ದೇವರ ಹೆಸರಿನಲ್ಲಿ ಬಿಡಲಾದ ಹೆಣ್ಣುಮಕ್ಕಳು, ಗೌಡರ ಮನೆಯ ಹೊಸ್ತಿಲಾಚೆ ನಿಂತವರು ಇಲ್ಲಿ ಕರುಣೆಗೆ ಕಾಯುವುದಿಲ್ಲ. ಜಗಳವಾಡುತ್ತಾರೆ, ಪ್ರೀತಿಸುತ್ತಾರೆ, ಬದುಕುತ್ತಾರೆ. ಇದೇ ಅವರ ಬರವಣಿಗೆಯ ದೊಡ್ಡ ಗುಣ.

ಇಪ್ಪತ್ತಕ್ಕೂ ಹೆಚ್ಚು ಕಾದಂಬರಿ, ಹಲವು ಕಥೆ ಹಾಗೂ ನಾಟಕಗಳನ್ನು ಬರೆದರು. ‘ಹಸಿಮಾಂಸ ಮತ್ತು ಹದ್ದುಗಳು’ ಕಾದಂಬರಿ ‘ಹೆಣ್ಣಿನ ಕೂಗು’ ಹೆಸರಿನಲ್ಲಿ ಸಿನಿಮಾ ಆಯಿತು.

‘ಬದುಕು’ ಕಾದಂಬರಿಗೆ 2004ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕನ್ನಡದ ಲೇಖಕಿಯೊಬ್ಬರಿಗೆ ಈ ಗೌರವ ದೊರೆತದ್ದು ಅದೇ ಮೊದಲು. ಅಷ್ಟು ತಡವಾಯಿತೆಂಬುದನ್ನೂ ನೆನಪಿಡಬೇಕು. ಕರ್ನಾಟಕ ಸಾಹಿತ್ಯ ಅಕಾಡೆಮಿಯ ಅಧ್ಯಕ್ಷೆಯಾಗಿದ್ದರು. 2010ರಲ್ಲಿ ಗದಗಿನಲ್ಲಿ ನಡೆದ 76ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದರು.

2020ರ ಜೂನ್ 28ರಂದು ಕಲಬುರಗಿಯಲ್ಲಿ ನಿಧನರಾದರು.

‘ಬದುಕು’ ಓದದವರು ಊರಿನ ಗ್ರಂಥಾಲಯದಲ್ಲಿ ಕೇಳಿ ಪಡೆಯಿರಿ. ಮನೆಯ ಹಿರಿಯರಿಗೆ ಕೆಲವು ಪುಟಗಳನ್ನು ಗಟ್ಟಿಯಾಗಿ ಓದಿ ಹೇಳಿ.